ಕುವೆಂಪುನಗರದಲ್ಲಿ ಹಳೇ ಮನೆ ನೋಡಿದೀವಿ, ಅಡ್ವಾನ್ಸ್ ಕೊಡೋಕ್ ಮುಂಚೆ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಬೇಕಾ?

ಬೋಗಾದಿ_ಬಾಡಿಗೆಮನೆ
ಎಲ್ರಿಗೂ ನಮಸ್ಕಾರ. 11 ವರ್ಷದಿಂದ ಮೈಸೂರಿನ ಬೋಗಾದಿಯಲ್ಲಿ ಬಾಡಿಗೆಗಿದೀವಿ. ಈಗ ಕುವೆಂಪುನಗರದಲ್ಲಿ ಒಂದು ಮನೆ ಕುದುರೋ ಹಾಗಿದೆ. 30-40 ಸೈಟು, ಕೆಳಗಿನ ಮನೆ 1989ರಲ್ಲಿ ಕಟ್ಟಿದ್ದು, ಮೇಲಿನದು 2004ರಲ್ಲಿ ಏರಿಸಿದ್ದು. ಓನರ್ ವಯಸ್ಸಾದವರು, ಒಬ್ಬರೇ ಇದಾರೆ, ಕೇಳ್ತಿರೋದು 1 ಕೋಟಿ 5 ಲಕ್ಷ.

ಕಾಗದ ಪತ್ರ ವಕೀಲರು ನೋಡಿ ಆಯ್ತು. ಮೂಲ ಪತ್ರದಿಂದ ಖಾತೆವರೆಗೂ ಸರಿ ಇದೆ, ಇಸಿ (ಆಸ್ತಿ ಮೇಲೆ ಸಾಲ ಇದೆಯಾ ಅಂತ ತೋರಿಸೋ ಋಣಭಾರ ಪತ್ರ) ಕ್ಲೀನ್. ನನ್ನ ಚಿಂತೆ ಇರೋದು ಮನೆ ಬಗ್ಗೆನೇ. ಮೆಟ್ಟಿಲ ಪಕ್ಕದ ಗೋಡೇಲಿ ಒಂದು ಬಿರುಕು ಕೆಳಗಿಂದ ಮೇಲಕ್ಕೆ ಹೋಗಿದೆ, ಉಗುರು ತೂರುತ್ತೆ. ಒಳಗೆಲ್ಲ ಹೊಸಾ ಬಣ್ಣ, ಇನ್ನೂ ವಾಸನೆ ಹೋಗಿಲ್ಲ. ಅಡುಗೆಮನೆಗೆ ಫಾಲ್ಸ್ ಸೀಲಿಂಗ್ ಮಾಡಿಸಿ ಲೈಟ್ ಹಾಕ್ಸಿದಾರೆ, ನಮ್ಮನೆಯವರಿಗೆ ಅದು ತುಂಬಾ ಇಷ್ಟ ಆಯ್ತು. ಅಮ್ಮನಿಗೆ ಮುಂದಿನ ಕಟ್ಟೆ ನೋಡೇ ಮನಸ್ಸು ಬಂದುಬಿಟ್ಟಿದೆ.

ಮಾವನವರು "ಬ್ಯಾಂಕಿನವರೇ ಇಂಜಿನಿಯರ್ ಕಳಿಸ್ತಾರೆ, ನೀನ್ಯಾಕೆ ದುಡ್ಡು ದಂಡ ಮಾಡ್ತೀಯ" ಅಂತಾರೆ. ಬ್ರೋಕರ್ "ಇಂಜಿನಿಯರ್ ಗಿಂಜಿನಿಯರ್ ಅಂತ ಹೋದ್ರೆ ಓನರ್ ಬೇಜಾರಾಗ್ತಾರೆ, ಇನ್ನೂ ಇಬ್ಬರು ಪಾರ್ಟಿ ಕಾಯ್ತಿದಾರೆ, ಶುಕ್ರವಾರದೊಳಗೆ 5 ಲಕ್ಷ ಕೊಟ್ಟು ಅಗ್ರಿಮೆಂಟ್ ಮಾಡ್ಕೊಳ್ಳಿ" ಅಂತ ಅವಸರ ಮಾಡ್ತಿದಾರೆ. ಪಿಎಫ್ ತೆಗೆದು, ಊರಿನ ಅರ್ಧ ಎಕರೆ ಮಾರಿ ಹೊಂದಿಸಿರೋ ದುಡ್ಡು ಇದು. ಪೂರ್ತಿ ಪರೀಕ್ಷೆ ಮಾಡಿಸಿದೋರು ಇದ್ರೆ ದಯವಿಟ್ಟು ಹೇಳಿ. ಎಷ್ಟಾಗುತ್ತೆ, ಏನೇನ್ ನೋಡ್ತಾರೆ, ಓನರ್ ಒಪ್ತಾರಾ?

ತಾರಸಿ_ತೋಟ
ಮಾಡಿಸಿ. ಅಡ್ವಾನ್ಸ್‌ಗೆ ಮುಂಚೆನೇ ಮಾಡಿಸಿ. ಆಮೇಲೆ ಮಾಡಿಸಿದ್ರೆ ನಿಮ್ಮ ಮಾತಿಗೆ ಬೆಲೆ ಇರಲ್ಲ.

ಜಯನಗರದ_ಹಳಬ
ನಾನು ಬೇರೆ ಥರ ಹೇಳ್ತೀನಿ. ಕುವೆಂಪುನಗರದಲ್ಲಿ ನೀವು ಕೊಡ್ತಿರೋದು ಸೈಟಿಗೆ. 1200 ಅಡಿ ಜಾಗಕ್ಕೇ ಹೆಚ್ಚು ಕಮ್ಮಿ ಅಷ್ಟು ದುಡ್ಡು ಆಗುತ್ತೆ, 35 ವರ್ಷದ ಕಟ್ಟಡಕ್ಕೆ ಏನ್ ಬೆಲೆ ಕಟ್ತೀರಿ? ಹಳೇ ಮನೆ ಅಂದ್ಮೇಲೆ ಬಿರುಕು ಇದ್ದೇ ಇರುತ್ತೆ. ನಾನು 2011ರಲ್ಲಿ ತಗೊಂಡಾಗ ಯಾವ ಇಂಜಿನಿಯರನ್ನೂ ಕರೀಲಿಲ್ಲ. ಆರು ವರ್ಷ ಇದ್ದು, ಆಮೇಲೆ ಕೆಡವಿ ಹೊಸದು ಕಟ್ಟಿಸ್ದೆ. ಅದೇ ದುಡ್ಡನ್ನ ಪಾಯಕ್ಕೆ ಹಾಕಿ.

ಬೋಗಾದಿ_ಬಾಡಿಗೆಮನೆ
@ಜಯನಗರದ_ಹಳಬ ಕೆಡವಿ ಕಟ್ಟೋ ಶಕ್ತಿ ನಮಗಿಲ್ಲ ಸಾರ್. ಇನ್ನು 15 ವರ್ಷ ಇದೇ ಮನೇಲಿ ಇರಬೇಕು. ಮೇಲಿನ ಮನೆ ಬಾಡಿಗೆ ಬಂದ್ರೆ ತಾನೆ ಕಂತು ಕಟ್ಟೋದು.

ವಿಜಯನಗರ_4ನೇ_ಹಂತ
ಹಾಗಾದ್ರೆ ಖಂಡಿತಾ ಮಾಡಿಸ್ಬೇಕು. ನಮ್ಮ ಕಥೆ ಕೇಳಿ. 2019ರಲ್ಲಿ 14 ವರ್ಷದ ಮನೆ ತಗೊಂಡ್ವಿ. ನೋಡಕ್ಕೆ ಬಂಗಾರದ ಹಾಗಿತ್ತು. ನಾವು ನೋಡಿದ್ದು ಏಪ್ರಿಲ್‌ನಲ್ಲಿ, ಒಂದು ಹನಿ ಮಳೆ ಇಲ್ದಿರೋ ಕಾಲ. ಅಕ್ಟೋಬರ್‌ನಲ್ಲಿ ರಾತ್ರಿಯೆಲ್ಲಾ ಸುರೀತು ನೋಡಿ, ಬೆಳಿಗ್ಗೆ ಎದ್ರೆ ಮಗಳ ರೂಮಿನ ಸೂರಲ್ಲಿ ತಟ್ಟೆಯಗಲ ಒದ್ದೆ. ಬಣ್ಣ ಕೆರೆಸಿದ್ವಿ, ಕೆಳಗೆ ಪುಟ್ಟಿ. ಪುಟ್ಟಿ ಕೆರೆಸಿದ್ವಿ, ಅದರ ಕೆಳಗೆ ಇನ್ನೊಂದು ಸಲ ಪುಟ್ಟಿ. ಅದೂ ಬಿದ್ಮೇಲೆ ಕಂಬಿ ಕಾಣಿಸ್ತು, ಕೈಯಲ್ಲಿ ಮುಟ್ಟಿದ್ರೆ ಪದರ ಪದರವಾಗಿ ಉದುರ್ತಿತ್ತು.

ಮೊದಲು ಕರೆದವನು ಮೇಲೆ ಕೆಮಿಕಲ್ ಬಳಿದು 40 ಸಾವಿರ ತಗೊಂಡು ಹೋದ. ಮುಂದಿನ ಮಳೆಗಾಲ ಮತ್ತೆ ಅದೇ. ಕೊನೆಗೆ ಸರಿಯಾದೋರನ್ನ ಹಿಡಿದು ರಿಪೇರಿ ಮಾಡ್ಸಿದ್ವಿ, ಎಲ್ಲಾ ಸೇರಿ ಆರೂವರೆ ಲಕ್ಷ. ಆ ಮೂರು ತಿಂಗಳು ಮಗಳು ಹಾಲಲ್ಲಿ ಮಲಗಿ ಎಸ್ಸೆಸ್ಸೆಲ್ಸಿಗೆ ಓದಿದ್ಳು. ದುಡ್ಡಿನ ವಿಷಯ ಮರೀಬಹುದು, ಅದನ್ನ ಮರೆಯೋಕ್ ಆಗಿಲ್ಲ ನನಗೆ.

ಕಂಬಿ_ಕಾಂಕ್ರೀಟು
ಸ್ಟ್ರಕ್ಚರಲ್ ಇಂಜಿನಿಯರ್ ಕೆಲಸ ಮಾಡ್ತೀನಿ, ಮೈಸೂರಲ್ಲೇ. ಸ್ವಲ್ಪ ಉದ್ದ ಬರೀತೀನಿ.

ಮೊದಲು ಬ್ಯಾಂಕ್ ವಿಷಯ. ಬ್ಯಾಂಕಿನಿಂದ ಬರೋದು ವ್ಯಾಲ್ಯೂಯರ್. ಸಾಲ ಮುಳುಗಿದ್ರೆ ಈ ಆಸ್ತಿ ಎಷ್ಟಕ್ಕೆ ಹೋಗುತ್ತೆ ಅನ್ನೋದು ಅವರ ಲೆಕ್ಕ. ಸೈಟಿನ ಅಳತೆ, ಕಟ್ಟಿರೋ ಚದರ, ವಯಸ್ಸು, ನಾಲ್ಕು ಫೋಟೊ. ಅರ್ಧ ಗಂಟೆ ಕೆಲಸ. ಸೈಟಿನ ಬೆಲೆನೇ ಸಾಲಕ್ಕೆ ಸಾಕಾಗುತ್ತೆ ಅಂದ್ರೆ ಸೂರು ಹೇಗಿದೆ ಅಂತ ಅವರು ತಲೆ ಕೆಡಿಸ್ಕೊಳ್ಳೋ ಕಾರಣವೇ ಇಲ್ಲ. ಅವರ ತಪ್ಪಲ್ಲ ಅದು, ಅವರಿಗೆ ಕೊಟ್ಟ ಕೆಲಸ ಅಷ್ಟೇ.

ಎರಡನೇದು, ನಿಮ್ಮ ಮನೆ ಎರಡು ಕಾಲದ್ದು. 1989ರಲ್ಲಿ ಕೆಳಗೆ ಕಟ್ಟಿದಾಗ ಪಿಲ್ಲರ್ ಹಾಕಿದ್ರಾ, ಇಲ್ಲ 9 ಇಂಚು ಗೋಡೆ ಮೇಲೇ ಭಾರ ಕೂರಿಸಿದ್ರಾ? ಆ ಕಾಲದಲ್ಲಿ ಮೈಸೂರಿನ ಬಡಾವಣೆಗಳಲ್ಲಿ ಹೆಚ್ಚಿನವು ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟು) ಸೂರು. ಪಾಯ ಒಂದು ಅಂತಸ್ತಿಗೆ ಹಾಕಿದ್ದಾ, ಎರಡಕ್ಕಾ? 2004ರಲ್ಲಿ ಮೇಲೆ ಎಬ್ಬಿಸಿದ ಗೋಡೆ ಕೆಳಗಿನ ಗೋಡೆ ಮೇಲೇ ಕೂತಿದೆಯಾ, ಇಲ್ಲ ರೂಮು ದೊಡ್ಡದಾಗಲಿ ಅಂತ ಸರಿಸಿ ಬರೀ ಸೂರಿನ ಮೇಲೆ ಕೂರಿಸಿದಾರಾ? ನಾನು ಹೋದ ಮನೆಗಳಲ್ಲಿ ಮೊದಲು ಎರಡು ಮಹಡಿಯ ಪ್ಲಾನ್ ಬರ್ಕೊಂಡು ಒಂದರ ಮೇಲೊಂದು ಇಟ್ಟು ನೋಡೋದು ಇದಕ್ಕೇ.

ಬಿರುಕಿನ ಬಗ್ಗೆ. ಎಲ್ಲಾ ಬಿರುಕೂ ಒಂದೇ ಅಲ್ಲ. ಗೋಡೆ ಸೂರು ಸೇರೋ ಕಡೆ ಉದ್ದಕ್ಕೆ ಅಡ್ಡಗೆರೆ ಇದ್ರೆ ಸಾಮಾನ್ಯವಾಗಿ ಬಿಸಿಲಿಗೆ ಸೂರು ಹಿಗ್ಗಿ ಕುಗ್ಗಿ ಬಂದಿದ್ದು. ಹಳೇ ಗೋಡೆ, ಹೊಸ ಗೋಡೆ ಸೇರೋ ಕಡೆ ನೆಟ್ಟಗೆ ಬಿಡೋದು ಜೋಡಣೆ ಬಿರುಕು. ಕಿಟಕಿ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆ ಸಂದಿಯಲ್ಲಿ ಹೋಗಿ, ಒಂದು ಕಡೆ ಅಗಲ ಇನ್ನೊಂದು ಕಡೆ ಸಣ್ಣ ಆಗಿದ್ರೆ ಆಗ ಪಾಯ ಕೂತಿದೆಯಾ ಅಂತ ಅನುಮಾನ ಪಡಬೇಕು. ನಿಮ್ಮ ಫೋಟೊ ಇಲ್ದೆ ನಾನು ಹೇಳಲಾರೆ. ಫೋಟೊ ನೋಡಿ ಹೇಳೋರನ್ನೂ ನಂಬಬೇಡಿ.

ಪರೀಕ್ಷೆ ಅಂದ್ರೆ: ರಿಬೌಂಡ್ ಹ್ಯಾಮರ್‌ನಲ್ಲಿ ಮೇಲ್ಮೈ ಗಟ್ಟಿತನ, ಅಲ್ಟ್ರಾಸೋನಿಕ್‌ನಲ್ಲಿ ಒಳಗೆ ಟೊಳ್ಳು ಇದೆಯಾ (ಕಾಂಕ್ರೀಟಿನೊಳಗೆ ಶಬ್ದದ ಅಲೆ ಹೋಗೋ ವೇಗ ಸೆಕೆಂಡಿಗೆ 3.5 ಕಿ.ಮೀ. ಮೇಲೆ ಬಂದ್ರೆ ಒಳ್ಳೇದು ಅಂತ ಸಾಮಾನ್ಯ ಲೆಕ್ಕ), ಕವರ್ ಮೀಟರ್‌ನಲ್ಲಿ ಕಂಬಿ ಎಷ್ಟು ಒಳಗಿದೆ. ಗಾರೆ ಒಂದು ಅಂಗೈಯಗಲ ತೆಗೀಬೇಕಾಗುತ್ತೆ, ಗಾರೆ ಮೇಲೇ ಹೊಡೆದ ಹ್ಯಾಮರ್ ರೀಡಿಂಗ್‌ಗೆ ಅರ್ಥ ಇಲ್ಲ. ಇನ್ನೊಂದು ಸುಲಭದ್ದು, ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಫ್ತಲೀನ್ ಸಿಂಪಡಿಸೋದು. ಗುಲಾಬಿ ಬಂದ್ರೆ ಕಾಂಕ್ರೀಟು ಇನ್ನೂ ಕಂಬಿಯನ್ನ ಕಾಪಾಡ್ತಿದೆ. ಬಣ್ಣ ಬರದೇ ಇದ್ರೆ ಅಲ್ಲೀವರೆಗೆ ಗಾಳಿ ಹೊಕ್ಕು ಆ ಕಾವಲು ಹೋಗಿದೆ.

ತಾರಸಿ_ತೋಟ
ಇಷ್ಟು ವಿವರವಾಗಿ ಯಾರೂ ಬರೆದಿದ್ದು ನೋಡಿರಲಿಲ್ಲ. ಥ್ಯಾಂಕ್ಸ್ ಸಾರ್.

ಜಯನಗರದ_ಹಳಬ
@ಕಂಬಿ_ಕಾಂಕ್ರೀಟು ಸರಿ ಸಾರ್, ಆದ್ರೆ ಒಂದು ಪ್ರಶ್ನೆ. 1989ರ ಮನೆಗೆ ಈಗಿನ ಲೆಕ್ಕದಲ್ಲಿ ಮಾರ್ಕ್ಸ್ ಕೊಟ್ರೆ ಊರಿನ ಅರ್ಧ ಮನೆ ಫೇಲ್ ಆಗುತ್ತೆ. ರಿಪೋರ್ಟಲ್ಲಿ ಕೆಂಪು ಗೆರೆ ನೋಡಿ ಜನ ಹೆದರಿ ಒಳ್ಳೇ ಮನೆ ಬಿಡ್ತಾರೆ. ಅದು ನಷ್ಟ ಅಲ್ವಾ?

ಕಂಬಿ_ಕಾಂಕ್ರೀಟು
ನ್ಯಾಯವಾದ ಪ್ರಶ್ನೆ. ಐಎಸ್ 456 ಅಂದ್ರೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ. ಅದರ 2000ನೇ ಇಸವಿ ಆವೃತ್ತಿ ಆರ್‌ಸಿಸಿಗೆ ಕನಿಷ್ಠ ಎಂ20 ಅನ್ನುತ್ತೆ (ಇದು ಕಾಂಕ್ರೀಟಿನ ಬಲದ ದರ್ಜೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ). ಅದಕ್ಕೆ ಮುಂಚಿನ 1978ರದ್ದರಲ್ಲಿ ಎಂ15 ಸಾಕಿತ್ತು. ಹಾಗಾಗಿ 1989ರ ಸೂರಿಗೆ ಎಂ15 ಬಂದ್ರೆ ಅದನ್ನ ದೋಷ ಅಂತ ಬರೆಯೋ ಇಂಜಿನಿಯರ್ ಸರಿಯಾಗಿ ಓದಿಲ್ಲ ಅಂತಲೇ ಹೇಳ್ತೀನಿ. ಜೊತೆಗೆ ಹಳೇ ಕಾಂಕ್ರೀಟಿನ ಮೇಲ್ಪದರ ಗಾಳಿಗೆ ಗಟ್ಟಿಯಾಗಿರುತ್ತೆ, ಹ್ಯಾಮರ್ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ಅಂಕಿ ಓದೋದು ಬೇರೆ, ಮನೆ ಓದೋದು ಬೇರೆ. ಅದಕ್ಕೇ ಬರೀ ಮಷಿನ್ ಹಿಡ್ಕೊಂಡು ಬರೋರನ್ನ ಕರೀಬೇಡಿ. ಒಂದೂವರೆ ಗಂಟೆ ಸುಮ್ನೆ ಸುತ್ತಾಡಿ ನೋಡೋರನ್ನ ಕರೀರಿ.

ಗದ್ದೆಬಯಲು_ಮಂಡ್ಯ
ನಮ್ ಮಂಡ್ಯದಾಗೆ ಸೂರಿಗಿಂತ ನೆಲದ್ದೇ ತಾಪತ್ರಯ ಕಣಣ್ಣ. ನಮ್ಮ ಬಡಾವಣೆ ಮೊದ್ಲು ಗದ್ದೆ ಇತ್ತು. ವಿ.ಸಿ. ನಾಲೆ ನೀರು ಬುಟ್ರು ಅಂದ್ರೆ ಪಾಯದ ಗುಂಡೀಲಿ ಒರತೆ ಬತ್ತದೆ. ನಮ್ ಪಕ್ಕದ ಮನೆಯೋರು ಕೆಸರು ತೆಗೀದಂಗೆ ಅದ್ರ ಮ್ಯಾಲೇ ಮಣ್ಣು ಹೊಡ್ಸಿ ನಾಕಡಿ ಪಾಯ ಹಾಕುದ್ರು. ಮೂರು ವರ್ಸಕ್ಕೆ ಬಚ್ಚಲ ಕಡೆ ಮೂಲೆ ಕೂತ್ಕತು, ಬಾಗ್ಲು ಹಾಕಕ್ಕೇ ಆಗ್ತಿರ್ನಿಲ್ಲ. ಬಡಗಿ ಕರ್ಸಿ ಎರಡು ಸಾರಿ ಬಾಗ್ಲು ಹೆರ್ಸುದ್ರು, ಬಾಗ್ಲು ಏನ್ ಮಾಡಾತು ಪಾಪ.

ನೀವು ಮನೆ ನೋಡಕ್ ಹೋದಾಗ ಎಲ್ಲಾ ಬಾಗ್ಲು ಕಿಟ್ಕಿ ತಗ್ದು ಹಾಕಿ ನೋಡಿ. ಯಾವುದಾರ ಬಾಗ್ಲು ಕೆಳ್ಗಡೆ ಓರೆಯಾಗಿ ಹೆರ್ದಿದ್ರೆ ಕೇಳಿ ಯಾಕೆ ಅಂತ. ಒಂದು ಗೋಲಿ ತಕ್ಕೊಂಡೋಗಿ ನೆಲದ ಮ್ಯಾಲೆ ಬುಡಿ, ಎಲ್ಲಾ ರೂಮಲ್ಲೂ ಒಂದೇ ಮೂಲೆಗೆ ಓಡ್ತದೆ ಅಂದ್ರೆ ಉಸಾರು.

ಗಾರೆ_ಮೇಸ್ತ್ರಿ
30 ವರ್ಷದಿಂದ ಗಾರೆ ಕೆಲಸ ಮಾಡ್ತಾ ಇದೀನಿ, ಫೋನಲ್ಲಿ ಮಗ ಟೈಪ್ ಮಾಡ್ತಿದಾನೆ. ಇಂಜಿನಿಯರ್ ಸಾರ್ ಹೇಳಿದ್ದೆಲ್ಲಾ ಸರಿ. ಆದ್ರೆ ಎಲ್ಲಾರೂ ಮೆಟ್ಟಿಲ ಬಿರುಕು ಬಿರುಕು ಅಂತಿದೀರಿ. ನನಗೆ ಅದು ದೊಡ್ಡದಾಗಿ ಕಾಣ್ತಿಲ್ಲ. ಮೇಲಿನ ಮನೆ ಆಮೇಲೆ ಏರಿಸಿದ್ರೆ ಹೊರಗಿನ ಮೆಟ್ಟಿಲೂ ಆಗಲೇ ಕಟ್ಟಿರ್ತಾರೆ, ಹಳೇ ಗೋಡೆಗೆ ಕಚ್ಚು ಕೊಟ್ಟಿರಲ್ಲ. ಹಂಗೇ ಆನಿಸಿ ಕಟ್ಟಿ ಮೇಲೆ ಗಾರೆ ಬಳಿದಿರ್ತಾರೆ. ಆ ಜಾಗ ಬಿಟ್ಟೇ ಬಿಡುತ್ತೆ.

ನನಗೆ ಅನುಮಾನ ಬಂದಿದ್ದು ನಿಮ್ಮ ಮಾತಲ್ಲಿ ಬೇರೆ ಒಂದು. 35 ವರ್ಷದ ಮನೆ. ಹಾಲಿಗೆ ಫಾಲ್ಸ್ ಸೀಲಿಂಗ್ ಮಾಡಿಸಿಲ್ಲ, ರೂಮಿಗೆ ಮಾಡಿಸಿಲ್ಲ. ವಯಸ್ಸಾದೋರು, ಒಬ್ಬರೇ ಇರೋದು. ಅಡುಗೆಮನೆಗೆ ಯಾಕೆ ಮಾಡಿಸಿದ್ರು? ಅದರ ಮೇಲ್ಗಡೆ ಏನಿದೆ? ಬಚ್ಚಲು ಇದ್ರೆ ಒಂದು ಹಲಗೆ ಬಿಚ್ಚಿಸಿ ಟಾರ್ಚ್ ಬಿಟ್ಟು ನೋಡಿ.

ಬೋಗಾದಿ_ಬಾಡಿಗೆಮನೆ
@ಗಾರೆ_ಮೇಸ್ತ್ರಿ ಮೇಲೆ ಬಚ್ಚಲೇ ಇದೆ. ಎದೆ ಧಸಕ್ ಅಂತು.

ವಿಜಯನಗರ_4ನೇ_ಹಂತ
ಮೇಸ್ತ್ರಿಗಳೇ, ನಿಮ್ಮಂಥೋರು 2019ರಲ್ಲಿ ಸಿಕ್ಕಿದ್ರೆ!

ಕಂಬಿ_ಕಾಂಕ್ರೀಟು
ಮೇಸ್ತ್ರಿ ಹೇಳಿದ್ದು ನನಗೆ ಹೊಳೆದಿರಲಿಲ್ಲ, ಒಪ್ಕೊಳ್ತೀನಿ. ಒಂದು ಸೇರಿಸ್ತೀನಿ. ಹೊಸ ಮನೆಗಳಲ್ಲಿ ಬಚ್ಚಲಿಗೆ ಸೂರನ್ನೇ ತಗ್ಗಿಸಿ ಹಾಕ್ತಾರೆ. ಆಮೇಲೆ ಮಹಡಿ ಏರಿಸಿದ ಕಡೆ ಹಾಗೆ ಮಾಡೋಕ್ ಆಗಲ್ಲ. ಹಳೇ ತಾರಸಿ ಮೇಲೇ ಪೈಪ್ ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕಿರ್ತಾರೆ. ಟೈಲ್ಸ್ ಸಂದಿಯಿಂದ ಇಳಿದ ನೀರು ಆ ಚೂರಿನಲ್ಲಿ ವರ್ಷಗಟ್ಟಲೆ ನಿಂತಿರುತ್ತೆ. ಇಂಜಿನಿಯರ್ ಯಾರೇ ಬರಲಿ, ಆ ಹಲಗೆ ಬಿಚ್ಚಿಸದೆ ವಾಪಸ್ ಕಳಿಸಬೇಡಿ.

ಸರಸ್ವತಿಪುರಂ_ಮಾರಾಟ
ಎಲ್ಲಾರೂ ತಗೊಳ್ಳೋರ ಕಡೆಯಿಂದಲೇ ಮಾತಾಡ್ತಿದೀರಿ. ನಾನು ಹೋದ ವರ್ಷ ಅಪ್ಪನ ಮನೆ ಮಾರಿದವಳು. ಬಂದವರಲ್ಲಿ ಮೂವರು ಮೂರು ಇಂಜಿನಿಯರ್‌ಗಳನ್ನ ಕರ್ಕೊಂಡು ಬಂದ್ರು. ಕುಟ್ಟಿದ್ರು, ಕೆರೆದ್ರು, ಅಪ್ಪ ಪ್ರತಿ ವರ್ಷ ದೀಪಾವಳಿಗೆ ಸುಣ್ಣ ಹೊಡೀತಿದ್ದ ಗೋಡೇಲಿ ಏಳು ಕಡೆ ಗಾರೆ ಕಿತ್ತಿದ್ರು. ಮೂವರೂ ತಗೊಳ್ಳಲಿಲ್ಲ, ಕಿತ್ತ ಜಾಗ ಮುಚ್ಚಿಸಿಯೂ ಹೋಗ್ಲಿಲ್ಲ. ಒಬ್ಬರಂತೂ ರಿಪೋರ್ಟ್ ತೋರಿಸದೇ "ಪ್ರಾಬ್ಲಂ ಇದೆ ಮೇಡಂ" ಅಂತಷ್ಟೇ ಹೇಳಿ 12 ಲಕ್ಷ ಕಮ್ಮಿ ಕೇಳಿದ್ರು. ಅದು ಪರೀಕ್ಷೆ ಅಲ್ಲ, ಚೌಕಾಶಿಗೆ ಒಂದು ನೆಪ.

ಮಾಡಿಸಿ, ಬೇಡ ಅನ್ನಲ್ಲ. ಆದ್ರೆ ಮುಂಚೆ ಹೋಗಿ ಕೂತು ಕೇಳಿ, ಎಲ್ಲೆಲ್ಲಿ ಕೆರೀತಾರೆ ಹೇಳಿ, ಕೆರೆದಿದ್ದು ಅದೇ ದಿನ ಮುಚ್ಚಿಸಿ ಕೊಡಿ, ರಿಪೋರ್ಟಿನ ಒಂದು ಪ್ರತಿ ಅವರಿಗೂ ಕೊಡಿ. ಒಂಟಿ ವೃದ್ಧರು ಅಂತೀರಿ. ಅವರಿಗೆ ಅದು ಆಸ್ತಿ ಅಷ್ಟೇ ಅಲ್ಲ.

ಬೋಗಾದಿ_ಬಾಡಿಗೆಮನೆ
ಮೇಡಂ, ಇದು ನನ್ನ ತಲೆಗೆ ಬಂದಿರಲಿಲ್ಲ. ಬ್ರೋಕರ್‌ನ ಬಿಟ್ಟು ನಾನೇ ಹೋಗಿ ಮಾತಾಡ್ತೀನಿ.

ಅಗ್ರಹಾರದ_ಹುಡುಗಿ
ನಮ್ಮ ತಾತನ ಮನೆ ಅಗ್ರಹಾರದಲ್ಲಿ, ನೂರು ವರ್ಷ ದಾಟಿದೆ. ಮದ್ರಾಸ್ ತಾರಸಿ (ತೊಲೆ ಮೇಲೆ ಇಟ್ಟಿಗೆ, ಸುಣ್ಣ ಹಾಕಿ ಮಾಡೋ ಹಳೇ ಸೂರು), ತೇಗದ ತೊಲೆ, ಸುಣ್ಣದ ಗಾರೆ. ಒಂದು ಬಿರುಕಿಲ್ಲ. ಸಿಮೆಂಟು ಬಂದ್ಮೇಲೆನೇ ಈ ಗೋಳೆಲ್ಲಾ. ಕೆಆರ್‌ಎಸ್ ಅಣೆಕಟ್ಟನ್ನೇ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದಾರೆ, ಇವತ್ತಿಗೂ ನಿಂತಿಲ್ವಾ?

ಜಯನಗರದ_ಹಳಬ
ಅದೇ ನಾನೂ ಹೇಳೋದು. ಹಳಬರ ಕೆಲಸ ಹಳಬರದ್ದೇ.

ಕಂಬಿ_ಕಾಂಕ್ರೀಟು
ಅಣೆಕಟ್ಟನ್ನ ನೋಡ್ಕೊಳ್ಳೋಕೆ ದಿನಾ ಜನ ಇದಾರೆ. ನಮ್ಮ ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡ ನೆನಪಿದೆಯಾ? 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ಹೋದ್ರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರ್ಕೆಟ್ಟಿನ ಉತ್ತರ ದ್ವಾರದ ಭಾಗ ಬಿತ್ತು. ಎರಡೂ ಸಿಮೆಂಟ್ ಕಾಲಕ್ಕೆ ಮುಂಚಿನ ಕೆಲಸವೇ. ಸುಣ್ಣದ ಗಾರೆ ಕೆಟ್ಟದ್ದು ಅಂತಲ್ಲ, ನೀರು ಇಳಿಯೋಕೆ ಬಿಟ್ರೆ ಯಾವ ಗಾರೆಯೂ ಉಳಿಯಲ್ಲ. ಮೇಡಂ, ತಾತನ ಮನೇಲಿ ತೊಲೆ ಗೋಡೆಯೊಳಗೆ ಕೂರೋ ತುದಿ ಇದೆಯಲ್ಲ, ಅಲ್ಲಿ ಒಂದು ಸಲ ಸ್ಕ್ರೂಡ್ರೈವರ್ ಒತ್ತಿ ನೋಡಿ. ಗೆದ್ದಲು ಅಲ್ಲೇ ಸೇರ್ಕೊಳ್ಳೋದು.

ಗಾರೆ_ಮೇಸ್ತ್ರಿ
ಸುಣ್ಣದ ಗೋಡೆಗೆ ಈಗಿನೋರು ಸಿಮೆಂಟ್ ಗಾರೆ ಬಳೀತಾರೆ, ಅದು ಇನ್ನೊಂದು ತಪ್ಪು. ಗೋಡೆ ಉಸಿರಾಡಲ್ಲ, ತೇವ ಒಳಗೇ ಉಳಿಯುತ್ತೆ.

ಅಗ್ರಹಾರದ_ಹುಡುಗಿ
ಅಯ್ಯೋ, ಮುಂದಿನ ಜಗಲಿ ಗೋಡೆಗೆ ಹೋದ ವರ್ಷ ಅದನ್ನೇ ಮಾಡ್ಸಿದಾರೆ. ಚಿಕ್ಕಪ್ಪನಿಗೆ ಇವತ್ತೇ ಫೋನ್ ಮಾಡ್ತೀನಿ.

ಲೀಡ್ಸ್‌ನಲ್ಲಿ_ಮೈಸೂರು
ಒಂಟಿಕೊಪ್ಪಲಿನವನು, ಈಗ ಇಂಗ್ಲೆಂಡಲ್ಲಿ ಇದೀನಿ. ಇಲ್ಲಿ ಮನೆ ತಗೊಳ್ಳುವಾಗ ಸರ್ವೇ ಮಾಡಿಸೋದು ಮಾಮೂಲು, ಆದ್ರೆ ಕಡ್ಡಾಯ ಅಲ್ಲ. ಆರ್‌ಐಸಿಎಸ್ ಅನ್ನೋ ಸಂಸ್ಥೆಯ ಸರ್ವೇಯರ್‌ಗಳು ಮೂರು ಮಟ್ಟದಲ್ಲಿ ಮಾಡ್ತಾರೆ. ಲೆವೆಲ್ 3 ಅಂದ್ರೆ ಅತಿ ವಿವರವಾದ್ದು, ಹಳೇ ಮನೆಗೆ, ಬದಲಾಯಿಸಿ ಕಟ್ಟಿರೋ ಮನೆಗೆ ಅದನ್ನೇ ಹೇಳ್ತಾರೆ. ನಾವು 1930ರ ದಶಕದ ಮನೆಗೆ ಮಾಡಿಸಿದ್ವಿ, ಅಟ್ಟದ ಮೇಲೆ ಹತ್ತಿ, ಚರಂಡಿ ಮುಚ್ಚಳ ಎತ್ತಿ ನೋಡಿ ಅರವತ್ತು ಪುಟ ಬರೆದು ಕೊಟ್ರು. ಇಲ್ಲೂ ಬ್ಯಾಂಕಿನ ವ್ಯಾಲ್ಯುಯೇಶನ್ನೇ ಸರ್ವೇ ಅಂದ್ಕೊಂಡು ಮೋಸ ಹೋಗೋರು ಬಹಳ ಇದಾರೆ, ನಿಮ್ಮ ಮಾವನವರೊಬ್ಬರೇ ಅಲ್ಲ.

ಸ್ಕಾಟ್ಲೆಂಡಲ್ಲಿ ಪದ್ಧತಿ ಬೇರೆ. 2008ರ ಡಿಸೆಂಬರ್‌ನಿಂದ ಮಾರೋರೇ ಸರ್ವೇ ಮಾಡಿಸಿ ಹೋಮ್ ರಿಪೋರ್ಟ್ ಅಂತ ಇಡಬೇಕು. ಸರಸ್ವತಿಪುರಂ ಮೇಡಂ ಹೇಳಿದ ಕಷ್ಟಕ್ಕೆ ಅದು ಉತ್ತರ ಅನ್ಸುತ್ತೆ. ಒಂದೇ ಸಲ ಕೆರೆದ್ರೆ ಸಾಕು, ಬಂದೋರೆಲ್ಲಾ ಅದನ್ನೇ ಓದ್ತಾರೆ.

ಜಯನಗರದ_ಹಳಬ
ಮಾರೋನು ದುಡ್ಡು ಕೊಟ್ಟು ಬರೆಸಿದ ರಿಪೋರ್ಟನ್ನ ನಾನಂತೂ ನಂಬಲ್ಲ.

ಸರಸ್ವತಿಪುರಂ_ಮಾರಾಟ
ಮುಂಚೆ ಹೀಗೊಂದು ಗೊತ್ತಿದ್ದಿದ್ರೆ ನಾನೇ ಮಾಡಿಸಿ ಇಡ್ತಿದ್ದೆ.

ಕರಿಕೋಟು
ವಕೀಲ. ಸಂಕ್ಷಿಪ್ತವಾಗಿ ಹೇಳ್ತೀನಿ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಸಿಗದ ಮುಖ್ಯ ದೋಷವನ್ನ ಅವನು ಹೇಳಲೇಬೇಕು. ಕೇಳೋಕೆ ಚೆನ್ನಾಗಿದೆ. ಕೋರ್ಟಲ್ಲಿ "ಅವನಿಗೆ ಗೊತ್ತಿತ್ತು" ಅಂತ ಸಾಬೀತು ಮಾಡೋಕೆ ವರ್ಷಗಳು ಹೋಗುತ್ತೆ, "ನೀನು ಸಾಮಾನ್ಯ ಎಚ್ಚರಿಕೆ ವಹಿಸಿದ್ಯಾ" ಅನ್ನೋ ಪ್ರಶ್ನೆ ನಿಮ್ಮ ಕಡೆಗೂ ಬರುತ್ತೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅಂತ ಯಾರಾದ್ರೂ ಹೇಳಿದ್ರೆ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗಿನ ಕಟ್ಟಡದ ದೋಷಕ್ಕೆ ಹೊಣೆ ಹೊರಿಸೋ 14ನೇ ಕಲಂ ಪ್ರವರ್ತಕರಿಗೆ, ಅಂದ್ರೆ ಬಿಲ್ಡರ್‌ಗೆ. ನಿಮ್ಮ ಓನರ್ ಮನೆಗೆ ಅನ್ವಯ ಆಗಲ್ಲ.

ಆದ್ದರಿಂದ ಅಗ್ರಿಮೆಂಟಿಗೆ ಮುಂಚೆ ಪರೀಕ್ಷೆ. ಅದಾಗಲ್ಲ ಅಂದ್ರೆ ಸಣ್ಣ ಮೊತ್ತ ಕೊಟ್ಟು, "ಇಂತಿಷ್ಟು ದಿನದಲ್ಲಿ ಇಂಜಿನಿಯರ್ ವರದಿ ತೃಪ್ತಿಕರ ಇಲ್ಲದಿದ್ದರೆ ಪೂರ್ತಿ ಮುಂಗಡ ವಾಪಸ್" ಅನ್ನೋ ಷರತ್ತು ಬರೆಸಿ. ಖರ್ಚಿನ ಬಗ್ಗೆ ಯೋಚಿಸ್ತಿದ್ರೆ ಇದನ್ನೂ ನೋಡಿ. 1 ಕೋಟಿ 5 ಲಕ್ಷಕ್ಕೆ ಶೇ. 5ರಂತೆ ಮುದ್ರಾಂಕವೇ 5 ಲಕ್ಷ 25 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ, ಅದು 2 ಲಕ್ಷ 10 ಸಾವಿರ. ಸೆಸ್ಸು ಸರ್‌ಚಾರ್ಜು ಬೇರೆ. ಇಷ್ಟೆಲ್ಲಾ ಕಟ್ಟೋ ಕಡೆ ಪರೀಕ್ಷೆಯ ಕೆಲವು ಸಾವಿರಕ್ಕೆ ಹಿಂದೆ ಮುಂದೆ ನೋಡಬೇಡಿ.

ತಾರಸಿ_ತೋಟ
ಶುಕ್ರವಾರದ ಗಡುವು ಬ್ರೋಕರ್‌ದೋ ಓನರ್‌ದೋ, ಅದನ್ನೂ ಕೇಳಿ.

ಗದ್ದೆಬಯಲು_ಮಂಡ್ಯ
ಹೂಂ, "ಇನ್ನೂ ಇಬ್ರು ಪಾರ್ಟಿ" ನಮ್ಗೂ ಇದ್ರು. ಒಬ್ರೂ ಕಣ್ಣಿಗ್ ಬೀಳ್ನಿಲ್ಲ.

ಬೋಗಾದಿ_ಬಾಡಿಗೆಮನೆ (16 ದಿನದ ಮೇಲೆ)
ಕಾಯಿಸಿದ್ದಕ್ಕೆ ಕ್ಷಮಿಸಿ. ಏನಾಯ್ತು ಅಂತ ಪೂರ್ತಿ ಬರೀತೀನಿ.

ಭಾನುವಾರ ಅಮ್ಮನ್ನೂ ಕರ್ಕೊಂಡು ಓನರ್ ಮನೆಗೆ ಹೋದೆ. ಶುಕ್ರವಾರದ ಗಡುವು ಅವರಿಗೆ ಗೊತ್ತೇ ಇರಲಿಲ್ಲ. ಪರೀಕ್ಷೆ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಪಾಯಕ್ಕೆ ನಿಂತು ನೀರು ಹಾಕಿಸಿದ ಮನೆ, ಧೈರ್ಯವಾಗಿ ನೋಡ್ಕೊಳ್ಳಿ" ಅಂದ್ರು. ಇಂಜಿನಿಯರ್ ಎರಡು ಸಲ ಬಂದ್ರು. ಪರೀಕ್ಷೆ, ವರದಿ, ಗಾರೆ ಮುಚ್ಚಿಸಿದ್ದು ಎಲ್ಲಾ ಸೇರಿ ನನಗೆ 22 ಸಾವಿರ ಆಯ್ತು.

ಮೆಟ್ಟಿಲ ಬಿರುಕು ಮೇಸ್ತ್ರಿ ಹೇಳಿದ ಹಾಗೇ. ಹಳೇ ಗೋಡೆಗೂ 2004ರ ಮೆಟ್ಟಿಲ ಗೋಡೆಗೂ ಕಚ್ಚೇ ಇಲ್ಲ. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದು ಹೋಗಿದ್ರು, ಎರಡು ವಾರ ಆದ್ರೂ ಸೀಳಿಲ್ಲ, ಅಂದ್ರೆ ಸದ್ಯಕ್ಕೆ ಬಿರುಕು ಬೆಳೀತಿಲ್ಲ. ಇದು ಇನ್ನೂ ಆರು ತಿಂಗಳು ಇರಲಿ ಅಂದಿದಾರೆ. ಪಾಯ ಸೈಜುಗಲ್ಲು, ಹೊರಗೆ ಒಂದು ಕಡೆ ಅಗೆದು ನೋಡಿದ್ರು, ಗಟ್ಟಿ ಗೊರಚಿನ ಮೇಲೆ ಕೂತಿದೆ. ಮೇಲಿನ ಗೋಡೆಗಳು ಒಂದು ಬಿಟ್ಟು ಎಲ್ಲಾ ಕೆಳಗಿನ ಗೋಡೆ ಮೇಲೇ ಇವೆ. ಆ ಒಂದು ನಾಲ್ಕೂವರೆ ಇಂಚಿಂದು, ಸೂರಿನ ಮೇಲೆ ಕೂತಿದೆ, ತೆಗೆದು ಹಗುರದ ಹಲಗೆ ಗೋಡೆ ಮಾಡಿ ಅಂದ್ರು. ಮೆಟ್ಟಿಲ ತಲೆ ಮೇಲೆ 2000 ಲೀಟರ್ ಟ್ಯಾಂಕ್ ಇದೆ, ತುಂಬಿದ್ರೆ ಎರಡು ಟನ್. ಅದನ್ನ ಇಳಿಸಿ ಎರಡು ಸಣ್ಣ ಟ್ಯಾಂಕ್ ಮಾಡಿ ಗೋಡೆ ಮೇಲೆ ಬರೋ ಹಾಗೆ ಇಡಬೇಕಂತೆ.

ಆಮೇಲೆ ಅಡುಗೆಮನೆ. ಹಲಗೆ ಬಿಚ್ಚಿದ ಕೂಡಲೇ ಬೊಗಸೆಯಷ್ಟು ಕಾಂಕ್ರೀಟು ಚೂರು ಒಲೆ ಮೇಲೆ ಸುರೀತು. ಟಾರ್ಚಲ್ಲಿ ನೋಡಿದ್ರೆ ನಾಲ್ಕಡಿ ಐದಡಿ ಜಾಗದಲ್ಲಿ ಕಂಬಿ ಎಲ್ಲಾ ಹೊರಗೆ. ಎರಡು ಕಂಬಿ ಅರ್ಧಕ್ಕರ್ಧ ಸವೆದಿದೆ. ಫಿನಾಫ್ತಲೀನ್ ಹಾಕಿದ್ರು, ಬಣ್ಣವೇ ಬರ್ಲಿಲ್ಲ.

ಓನರ್‌ಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬಣ್ಣದ ಕಂಟ್ರಾಕ್ಟರ್ "ಸ್ವಲ್ಪ ತೇವ ಇದೆ, ಸೀಲಿಂಗ್ ಮಾಡಿಬಿಡೋಣ, ಚೆನ್ನಾಗಿ ಕಾಣುತ್ತೆ" ಅಂದನಂತೆ. ಆ ಕಂಬಿ ನೋಡ್ತಾ ಕುರ್ಚಿ ಹಿಡ್ಕೊಂಡು ನಿಂತ್ರು. "ದಿನಾ ಇದರ ಕೆಳಗೆ ನಿಂತೇ ಕಾಫಿ ಮಾಡ್ಕೊಳ್ತೀನಪ್ಪಾ" ಅಂದ್ರು. ಅಮ್ಮ ಅವರನ್ನ ಹೊರಗೆ ಕಟ್ಟೆ ಮೇಲೆ ಕೂರಿಸಿ ನೀರು ಕೊಟ್ಟರು. ಬೆಲೆ ಮಾತಾಡೋ ದಿನ ಅದಾಗಿರಲಿಲ್ಲ.

ವಿಜಯನಗರ_4ನೇ_ಹಂತ
ಓದ್ತಾ ಕಣ್ಣು ತುಂಬಿ ಬಂತು. ಪುಣ್ಯ, ಏನೂ ಆಗ್ಲಿಲ್ಲ.

ಸರಸ್ವತಿಪುರಂ_ಮಾರಾಟ
ನೀವೇ ಹೋಗಿ ಕೇಳಿದ್ದು ಒಳ್ಳೇದಾಯ್ತು.

ಜಯನಗರದ_ಹಳಬ
ಒಲೆ ಮೇಲೆ ಬಿದ್ದಿದ್ದು ಕೇಳಿ ಮೈ ಜುಮ್ ಅಂತು. ಈ ಮನೆ ಮಟ್ಟಿಗೆ ನನ್ನ ಮಾತು ತಪ್ಪು. ಕೆಡವೋರಿಗೆ ಪರೀಕ್ಷೆ ಬೇಡ ಅನ್ನೋದನ್ನ ಮಾತ್ರ ಬಿಡಲ್ಲ.

ಗಾರೆ_ಮೇಸ್ತ್ರಿ
ರಿಪೇರಿ ಮಾಡೋರಿಗೆ ಹೇಳಿ: ಮೇಲಿನ ಬಚ್ಚಲು ಪೂರ್ತಿ ಕಿತ್ತು ಚೂರು ತೆಗೆದು ಒಣಗಿಸದೆ ಕೆಳಗೆ ಕೈ ಹಾಕಬಾರದು. ಕೆಳಗೆ ಕಂಬಿ ಹಿಂದೆ ಬೆರಳು ಹೋಗುವಷ್ಟು ಕಾಂಕ್ರೀಟು ತೆಗೀಬೇಕು. ತುಕ್ಕು ತಂತಿ ಬ್ರಷ್‌ನಲ್ಲಿ ಬಿಳಿ ಕಬ್ಬಿಣ ಕಾಣೋವರೆಗೆ ಉಜ್ಜಬೇಕು. ಬರೀ ಗಾರೆ ಮೆತ್ತಿದ್ರೆ ಎರಡು ವರ್ಷಕ್ಕೆ ಮತ್ತೆ ಅದೇ.

ಕಂಬಿ_ಕಾಂಕ್ರೀಟು
ಅರ್ಧ ಸವೆದ ಕಂಬಿ ಉಜ್ಜಿದ್ರೆ ಸಾಲದು, ಪಕ್ಕದಲ್ಲಿ ಹೊಸ ಕಂಬಿ ಸಾಕಷ್ಟು ಉದ್ದ ಜೋಡಿಸಿ ಕಟ್ಟಬೇಕು. ಅಷ್ಟು ಹಾಳಾಗಿದ್ರೆ ಆ ತುಂಡು ಸೂರನ್ನೇ ಕತ್ತರಿಸಿ ಹೊಸದು ಹಾಕೋದು ಒಳ್ಳೇದಾ ಅಂತ ನಿಮ್ಮ ಇಂಜಿನಿಯರನ್ನ ಕೇಳಿ. ವ್ಯಾಪಾರ ಆಗ್ಲಿ ಬಿಡ್ಲಿ, ಆ ಅಡುಗೆಮನೆಗೆ ಮೊದಲು ಜಾಕಿ (ಸೂರಿಗೆ ಆನಿಸೋ ತಾತ್ಕಾಲಿಕ ಕಂಬ) ಕೊಡಿಸಿ.

ಬೋಗಾದಿ_ಬಾಡಿಗೆಮನೆ
ಕೊಡಿಸಿ ಆಯ್ತು ಸಾರ್. ಅದೇ ಸಂಜೆ ಆರು ಜಾಕಿ, ಮೇಲೆ ಹಲಗೆ. ಮೇಲಿನ ಬಚ್ಚಲಿಗೆ ನೀರು ಬಂದ್ ಮಾಡಿದೀವಿ. ಒಲೆ, ಸಿಲಿಂಡರ್ ಹಿಂದಿನ ವರಾಂಡಕ್ಕೆ ಸಾಗಿಸಿ ಕೊಟ್ವಿ. ರಿಪೇರಿ, ಟ್ಯಾಂಕ್, ಗೋಡೆ ಸೇರಿ 4 ಲಕ್ಷ 20 ಸಾವಿರದ ಅಂದಾಜು ಬಂದಿದೆ. ವರದಿಯ ಪ್ರತಿ ಅವರಿಗೂ ಕೊಟ್ಟಿದೀನಿ, ಮಗಳಿಗೆ ತೋರಿಸಿ ಹೇಳ್ತೀನಿ ಅಂದಿದಾರೆ. ಕರಿಕೋಟು ಸಾರ್ ಹೇಳಿದ ಷರತ್ತನ್ನ ನಮ್ಮ ವಕೀಲರು ಬರೀತಿದಾರೆ. ಮಾವನವರು ನಿನ್ನೆ ಬಂದು ಜಾಕಿ ನೋಡ್ಕೊಂಡು ಹೋದ್ರು, "ನಮ್ಮ ನಂಜನಗೂಡಿನ ಮನೆಗೂ ಅವರನ್ನ ಒಂದ್ಸಲ ಕರ್ಕೊಂಡ್ ಬಾ" ಅಂದ್ರು.